ಅಂಗಸಾಧನೆಯ ಮೊದಲ ದಿನಗಳು



ಅಂಗಸಾಧನೆಯನ್ನು ಕುರಿತು ಮಾತನಾಡಬೇಕೆಂದು ನಿಲಯದವರು ನನಗೆ ಬರೆದಾಗ, ಅವರು ನನ್ನನ್ನು ಕಣ್ಣಾರೆ ಕಂಡಿಲ್ಲವೆಂಬುದು ಸ್ಪಷ್ಟವಾಯಿತು. ಕಂಡಿದ್ದರೆ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಮಾತನಾಡೆಂದು ಹೇಳುತ್ತಿದ್ದರು. ಬಾನುಲಿಯಲ್ಲಿ ಮಾತು ಕೇಳುತ್ತದೆ, ಮಾತನಾಡುವವನ ಆಕಾರ ಕಾಣುವುದಿಲ್ಲ. ಆ ಧೈರ್ಯದಿಂದ ಒಪ್ಪಿಕೊಂಡೆನು. ನಾನು ಮಲ್ಲನಲ್ಲ, ವೈದ್ಯನೂ ಅಲ್ಲ. ಶಾಲೆಯಲ್ಲಿ ಪಾಠ ಹೇಳಿ ಜೀವಿಸುವವನು. ನಲವತ್ತಾರನೆಯ ವಯಸ್ಸಿನವರೆಗೆ ನಾನು ಎತ್ತಿದ ಅತಿ ದೊಡ್ಡ ಭಾರವೆಂದರೆ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು.

ಇಂಥವನು ಭಾರ ಎತ್ತಲು ಏಕೆ ಹೊರಟನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾಲ್ಕು ವರ್ಷಗಳ ಕೆಳಗೆ, ಮಳೆಗಾಲದ ಒಂದು ಬೆಳಿಗ್ಗೆ, ನಮ್ಮ ತಾಯಿಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಬಿದ್ದವರನ್ನು ಒಡನೆಯೇ ಹಿಡಿದೆತ್ತಬಾರದು, ಮೂಳೆ ಮುರಿದಿಲ್ಲವೆಂದು ನಿಶ್ಚಯಮಾಡಿಕೊಳ್ಳಬೇಕು ಎಂಬಷ್ಟು ತಿಳಿವಳಿಕೆ ನನಗಿತ್ತು. ಕೈಕಾಲುಗಳನ್ನು ಆಡಿಸಿ ನೋಡಿದರು, ನೋವು ಹೆಚ್ಚಿರಲಿಲ್ಲ. ಆದರೆ ತಾವಾಗಿ ಏಳಲು ಅವರಿಗಾಗಲಿಲ್ಲ. ಅವರನ್ನು ಎಬ್ಬಿಸಲು ನನಗಾಗಲಿಲ್ಲ. ಅವರ ತೂಕ ಐವತ್ತೆರಡು ಕಿಲೋ. ಎರಡು ಸಲ ಪ್ರಯತ್ನಪಟ್ಟೆ. ಎರಡನೆಯ ಸಲ ನನ್ನ ಸೊಂಟದಲ್ಲಿಯೇ ಏನೋ ಛಳಕ್ಕೆಂದಿತು. ಕೊನೆಗೆ ಹಾಲು ತಂದ ಹುಡುಗ, ಹದಿನೆಂಟು ಹತ್ತೊಂಬತ್ತು ವರ್ಷದವನು, ಹಾಲನ್ನು ಹೊಸಲಿನ ಬಳಿ ಇಟ್ಟು ಒಳಕ್ಕೆ ಬಂದು, ಅವರ ತೋಳುಗಳ ಕೆಳಗೆ ಕೈ ಕೊಟ್ಟು, ತುಂಬಿದ ಬಿಂದಿಗೆ ಎತ್ತುವಷ್ಟು ಸುಲಭವಾಗಿ ಎತ್ತಿ ನಿಲ್ಲಿಸಿದನು. ನಮ್ಮ ತಾಯಿಯವರು ನನ್ನ ಮುಖ ನೋಡಿ, "ನೀನು ಬಿಡಪ್ಪ, ಓದಿದವನು" ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲವೇನೋ.

ಓದಿದವನಿಗೆ ಮೈಬಲ ಬೇಡವೆಂಬ ಈ ಒಪ್ಪಂದವನ್ನು ನಮ್ಮ ಮನೆಗಳಲ್ಲಿ ಯಾರು ಯಾವಾಗ ಮಾಡಿಕೊಂಡರೋ ತಿಳಿಯದು. ನಮ್ಮ ನಾಡಿನಲ್ಲಿ ಅದು ಎಂದೂ ಇದ್ದ ನಿಯಮವಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ತಮ್ಮ ದೇಹಸೌಷ್ಠವದಿಂದ ಹೊರದೇಶಗಳಲ್ಲಿಯೂ ಹೆಸರು ಪಡೆದ ಕೆ. ವಿ. ಅಯ್ಯರ್ ಅವರೇ 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿಗಳನ್ನು ಬರೆದವರು, ಟಿ. ಪಿ. ಕೈಲಾಸಂ ಅವರ ಆಪ್ತರು. ಲೇಖನಿ ಹಿಡಿದ ಕೈಯೂ ಬಾರ್ಬೆಲ್ಲು ಹಿಡಿದ ಕೈಯೂ ಅಲ್ಲಿ ಒಂದೇ ಆಗಿತ್ತು. ಇನ್ನು ಮೈಸೂರಿನ ಗರಡಿಮನೆಗಳನ್ನು ನೋಡದವರು ಯಾರು? ತಲೆ ಬಾಗಿಸಿ ನುಗ್ಗಬೇಕಾದ ಸಣ್ಣ ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ಹಿಂದೆ ಬೀದಿಯ ಹುಡುಗರೆಲ್ಲ ಅಲ್ಲಿ ದಂಡೆ ಬಸ್ಕಿ ಹೊಡೆದು ಅನಂತರ ಪಾಠಶಾಲೆಗೆ ಹೋಗುತ್ತಿದ್ದರು. ನಾನು ಓದಿದ ಶಾಲೆಯಲ್ಲಿ ಬಸ್ಕಿಯೆಂಬುದು ಲೆಕ್ಕ ತಪ್ಪಿದವನಿಗೆ ಕೊಡುವ ಶಿಕ್ಷೆಯಾಗಿತ್ತು. ಅಂಗಸಾಧನೆಯನ್ನು ಶಿಕ್ಷೆಯನ್ನಾಗಿ ಕಲಿಸಿದ ಮೇಲೆ ಮಕ್ಕಳು ಅದನ್ನು ಬಿಟ್ಟುಬಿಟ್ಟರೆ ಆಶ್ಚರ್ಯವೇನು?

ಬಲವನ್ನು ಪಡೆಯತಕ್ಕ ಮಾರ್ಗದಲ್ಲಿ ಗುಟ್ಟೇನೂ ಇಲ್ಲ. ಇರುವುದು ಒಂದೇ ತತ್ತ್ವ, ಅದೂ ಬಹು ಹಳೆಯದು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ದಕ್ಷಿಣ ಇಟಲಿಯ ಗ್ರೀಕ್ ವಸಾಹತಾದ ಕ್ರೋಟನ್ ಪಟ್ಟಣದಲ್ಲಿ ಮೈಲೋ ಎಂಬ ಜಟ್ಟಿಯಿದ್ದನು. ಅವನು ಒಂದು ಎಳೆಗರುವನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದು ಹೋರಿಯಾಗುವ ಹೊತ್ತಿಗೆ ಹೋರಿಯನ್ನೇ ಹೊರುವ ಬಲ ಅವನಿಗೆ ಬಂದಿತ್ತಂತೆ. ಕಥೆಯಲ್ಲಿ ಉತ್ಪ್ರೇಕ್ಷೆ ಇರುವುದು ನಿಜ. ಮನುಷ್ಯನ ಬಲ ಹೋರಿಯ ತೂಕದಷ್ಟು ವೇಗವಾಗಿ ಬೆಳೆಯುವುದಿಲ್ಲ, ಕೊನೆಯಿಲ್ಲದೆಯೂ ಬೆಳೆಯುವುದಿಲ್ಲ. ಆದರೆ ಕಥೆಯ ಒಳತಿರುಳು ಸರಿಯಾಗಿದೆ: ನಿನ್ನೆ ಸಾಧ್ಯವಾದುದಕ್ಕಿಂತ ಎಳ್ಳಷ್ಟು ಹೆಚ್ಚನ್ನು ದೇಹಕ್ಕೆ ಕೇಳಬೇಕು, ಕೇಳಿದ ಮೇಲೆ ಅದಕ್ಕೆ ವಿಶ್ರಾಂತಿ ಕೊಡಬೇಕು.

ಈ ಕಥೆಗೆ ಅಂಕಿ ಅಳತೆಗಳನ್ನು ಹಾಕಿದವನು ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೈನ್ಯದ ವೈದ್ಯ. ಎರಡನೆಯ ಮಹಾಯುದ್ಧದಲ್ಲಿ ಕಾಲು ಮೊಣಕಾಲುಗಳಿಗೆ ಪೆಟ್ಟು ತಿಂದ ಸೈನಿಕರು ಷಿಕಾಗೋ ನಗರದ ಗಾರ್ಡಿನರ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಅಂಥವರಿಗೆ ಹಗುರವಾದ ಚಲನೆಗಳನ್ನು ನೂರಾರು ಸಲ ಮಾಡಿಸುವುದು ಅಂದಿನ ರೂಢಿ. ಡಿಲಾರ್ಮ್ ತಾನೇ ಹುಡುಗನಾಗಿದ್ದಾಗ ಸಂಧಿವಾತಜ್ವರದಿಂದ ಮಲಗಿ, ಅನಂತರ ಭಾರವೆತ್ತಿ ಮೈ ಕಟ್ಟಿಕೊಂಡವನು. ಅವನು ರೂಢಿಯನ್ನು ತಲೆಕೆಳಗು ಮಾಡಿದನು. ರೋಗಿಯು ಹತ್ತೇ ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರ, ಅಂಥ ತೂಕವನ್ನು ಮೊದಲು ಕಂಡುಹಿಡಿಯುವುದು. ಆ ತೂಕದ ಅರ್ಧವನ್ನು ಹತ್ತು ಸಲ, ಮುಕ್ಕಾಲನ್ನು ಹತ್ತು ಸಲ, ಪೂರ್ಣವನ್ನು ಹತ್ತು ಸಲ ಎತ್ತಿಸುವುದು. ಬಲ ಬಂದಂತೆಲ್ಲ ತೂಕವನ್ನು ಏರಿಸುವುದು. ೧೯೪೮ರಲ್ಲಿ ಅವನು ಈ ಕ್ರಮವನ್ನು ಪ್ರಕಟಿಸಿದನು. ಇಂದು ಯಾವ ಊರಿನ ವ್ಯಾಯಾಮಶಾಲೆಗೆ ಹೋದರೂ "ಮೂರು ಸುತ್ತು, ಸುತ್ತಿಗೆ ಹತ್ತು" ಎಂಬ ಮಾತು ಕಿವಿಗೆ ಬೀಳುತ್ತದೆ. ಹೇಳುವವನಿಗೆ ಅದರ ಮೂಲ ಗೊತ್ತಿರುವುದು ಅಪರೂಪ. ಅದು ಗಾಯಾಳುಗಳ ವಾರ್ಡಿನಿಂದ ಬಂದ ಮಾತು.

ಹರೆಯದ ಸೈನಿಕರ ಮಾತಾಯಿತು, ಮುದುಕರ ಗತಿಯೇನು ಎಂದು ಕೇಳುವವರುಂಟು. ನಾನೂ ನಮ್ಮ ತಾಯಿಯವರ ಸಲುವಾಗಿ ಇದನ್ನೇ ಕೇಳಿಕೊಂಡೆನು. ೧೯೯೦ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಹೇಳುತ್ತದೆ. ಮರಿಯಾ ಫಿಯಾಟರೋನ್ ಎಂಬ ವೈದ್ಯೆಯೂ ಆಕೆಯ ಸಹೋದ್ಯೋಗಿಗಳೂ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರಗಳ ಕಾಲ ತೊಡೆಯ ಸ್ನಾಯುಗಳಿಗೆ ಭಾರಸಾಧನೆ ಮಾಡಿಸಿದರು. ಹಗುರವಾದ ಭಾರವಲ್ಲ, ಅವರವರ ಶಕ್ತಿಗೆ ಸರಿಯಾಗಿ ಭಾರವೆನ್ನಿಸುವಂಥದೇ. ಕೊನೆಯವರೆಗೆ ನಿಂತವರ ಬಲವು ಸರಾಸರಿ ಶೇಕಡಾ ೧೭೪ರಷ್ಟು ಏರಿತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ತೊಂಬತ್ತರಲ್ಲಿ ಇದು ಸಾಧ್ಯವಾದರೆ, ನಲವತ್ತಾರರಲ್ಲಿ ಕುರ್ಚಿಯ ಮೇಲೆ ಕುಳಿತು ವಯಸ್ಸಾಯಿತೆಂದು ನಿಟ್ಟುಸಿರು ಬಿಡುವುದಕ್ಕೆ ನನಗೆ ನಾಚಿಕೆಯಾಯಿತು.

ನಾಚಿಕೆಯಾದವನು ಮಾಡುವ ಮೊದಲ ಕೆಲಸ ಅವಸರ. ಊರಿನ ಒಂದು ಜಿಮ್ಮಿಗೆ ಹಣ ಕಟ್ಟಿ ಸೇರಿದೆನು. ಅಲ್ಲಿನ ಶಿಕ್ಷಕನು ಒಳ್ಳೆಯ ತರುಣ. ಆದರೆ ಅವನ ಮುಂದೆ ಇಪ್ಪತ್ತು ಜನರಿದ್ದರು, ಎದುರಿಗೆ ದೊಡ್ಡದೊಂದು ಗಡಿಯಾರವಿತ್ತು. ಮೊದಲ ದಿನವೇ ನನ್ನನ್ನು ಆ ಗಡಿಯಾರದ ವಶಕ್ಕೆ ಒಪ್ಪಿಸಿದನು. ಒಂದು ನಿಮಿಷ ಬಸ್ಕಿ, ಒಂದು ನಿಮಿಷ ಪೆಟ್ಟಿಗೆಯ ಮೇಲೆ ನೆಗೆತ, ಒಂದು ನಿಮಿಷ ಭಾರವಾದ ಚೆಂಡನ್ನು ಗೋಡೆಗೆಸೆಯುವುದು, ಮತ್ತೆ ಬಸ್ಕಿ. ಪಕ್ಕದಲ್ಲಿ ನನ್ನ ಶಿಷ್ಯನ ವಯಸ್ಸಿನವನೊಬ್ಬನು ಎಗ್ಗಿಲ್ಲದೆ ನೆಗೆಯುತ್ತಿರುವಾಗ ನಿಲ್ಲಿಸಲು ಮಾನ ಅಡ್ಡ ಬಂದಿತು. ಫಲವಾಗಿ ಮೂರು ದಿನ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆನು. ತರಗತಿಯಲ್ಲಿ ಬಿದ್ದ ಸೀಮೆಸುಣ್ಣವನ್ನು ಹೆಕ್ಕಲಾರದೆ ಹುಡುಗರಿಂದ ಎತ್ತಿಸಿಕೊಂಡೆನು.

ಈ ನೋವಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆರಂಭಿಸಿದವರಲ್ಲಿ ಬಹುಮಂದಿ ಬಿಟ್ಟುಬಿಡುವುದು ಇಲ್ಲಿಯೇ. ರೂಢಿಯಿಲ್ಲದ ಕೆಲಸ ಮಾಡಿದ ಮರುದಿನ ನೋವು ಏರುತ್ತದೆ, ಎರಡನೆಯ ಮೂರನೆಯ ದಿನಕ್ಕೆ ಇಳಿಯತೊಡಗುತ್ತದೆ. ಇದು ಸಹಜ, ಭಯಪಡತಕ್ಕದ್ದಲ್ಲ. ಅದೇ ಕೆಲಸವನ್ನು ಎರಡನೆಯ ವಾರ ಮಾಡಿದರೆ ಅರ್ಧಕ್ಕರ್ಧ ಕಡಮೆಯಾಗಿರುತ್ತದೆ. ಆದರೆ ಮಿತಿಮೀರಿದ ಶ್ರಮದಿಂದ ಇನ್ನೊಂದು ಕೆಡುಕು ಉಂಟಾಗಬಹುದು. ಸ್ನಾಯುಗಳ ಕಣಗಳು ಒಡೆದು, ಅವುಗಳ ಒಳದ್ರವ್ಯ ರಕ್ತಕ್ಕೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ತೋಳೋ ತೊಡೆಯೋ ಊದಿಕೊಂಡು, ನೋವು ಸಹಿಸಲಾರದಷ್ಟಾಗಿ, ಮೂತ್ರವು ಕಾಫಿಯ ಕಷಾಯದ ಬಣ್ಣಕ್ಕೆ ತಿರುಗಿದರೆ, ಎಣ್ಣೆ ಹಚ್ಚಿಕೊಂಡು ಮಲಗಬೇಡಿ. ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ. ಅಪರೂಪದ ರೋಗವಾದರೂ, ಬಹುಕಾಲ ಸುಮ್ಮನಿದ್ದು ಮೊದಲ ದಿನವೇ ಪೌರುಷ ತೋರಿಸಹೋದವರಿಗೆ ಇದು ಬಂದಿರುವುದುಂಟು.

ದೇಹದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಕಲಿಯುವುದಿಲ್ಲವೆಂಬುದು ನಾನು ತಡವಾಗಿ ತಿಳಿದ ಸಂಗತಿ. ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚಿದಂತೆ ತೋರುವುದು ಬಹುಪಾಲು ನರಗಳ ಕಲಿಕೆಯಿಂದ. ಸ್ನಾಯು ದಪ್ಪವಾಗುವುದು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ಇನ್ನೂ ನಿಧಾನ. ಉತ್ಸಾಹವಂತೂ ಎಲ್ಲಕ್ಕಿಂತ ಮುಂದೆ ಓಡುತ್ತದೆ. ಮೂರನೆಯ ವಾರದಲ್ಲಿ ನಾನು ಬಲಶಾಲಿಯಾದೆನೆಂದು ಮನಸ್ಸಿಗೆ ತೋರುವಾಗ ಮೊಣಕಾಲಿನ ರಜ್ಜುವಿಗೆ ಆ ಸಮಾಚಾರ ಇನ್ನೂ ಮುಟ್ಟಿರುವುದಿಲ್ಲ.

ಜಿಮ್ಮನ್ನು ಬಿಟ್ಟು ಮನೆಯಲ್ಲಿಯೇ ಮೊದಲಿನಿಂದ ಆರಂಭಿಸಿದೆನು. ಜಿಮ್ಮು ಕೆಟ್ಟದ್ದೆಂದಲ್ಲ, ನಿಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುವ ಶಿಕ್ಷಕನು ಸಿಕ್ಕಿದರೆ ಅದಕ್ಕಿಂತ ಲೇಸು ಬೇರಿಲ್ಲ. ಆರಂಭಕ್ಕೆ ಮುಂಚೆ ವೈದ್ಯರನ್ನು ಕಂಡೆನು. ಎದೆನೋವು, ತಲೆಸುತ್ತು, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಔಷಧ, ಹಿಂದೆ ಆದ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದಿದ್ದರೂ ಹಾಗೆ ಮಾಡದೆ ಹೊರಡತಕ್ಕದ್ದಲ್ಲ. ಗರ್ಭಿಣಿಯರೂ ಕೇಳಿಯೇ ಮುಂದುವರಿಯಬೇಕು.

ಮನುಷ್ಯನು ಮೈಯಿಂದ ಮಾಡುವ ಕೆಲಸಗಳನ್ನೆಲ್ಲ ಜರಡಿ ಹಿಡಿದರೆ ಉಳಿಯುವುದು ನಾಲ್ಕೈದೇ: ಕುಳಿತು ಏಳುವುದು, ತಳ್ಳುವುದು, ಎಳೆಯುವುದು, ನೆಲದಿಂದ ಎತ್ತುವುದು, ಹೊತ್ತು ನಡೆಯುವುದು. ನನ್ನ ಸಾಧನೆಯೂ ಇಷ್ಟೇ. ಕೈಗಳನ್ನು ಎದೆಯ ಮೇಲೆ ಮಡಿಸಿಕೊಂಡು ಕುರ್ಚಿಯಿಂದ ಎದ್ದು, ದೊಪ್ಪನೆ ಬೀಳದೆ ಮೂರು ಎಣಿಸುವಷ್ಟು ನಿಧಾನವಾಗಿ ಮತ್ತೆ ಕೂರುವುದು. ಇದು ಸುಲಭವಾದ ಮೇಲೆ ಕುರ್ಚಿಯನ್ನು ಬಿಟ್ಟು ಬಸ್ಕಿ, ಅನಂತರ ಎದೆಗೆ ಭಾರವನ್ನಪ್ಪಿ ಬಸ್ಕಿ. ದಂಡೆಯನ್ನು ನೆಲದ ಮೇಲೆ ಹೊಡೆಯಲಾರದವನು ಗೋಡೆಗೆ ಹೊಡೆಯಲಿ. ಕೆಲವು ವಾರಗಳ ಮೇಲೆ ಜಗುಲಿಯ ಕಟ್ಟೆಗೆ ಇಳಿಯಲಿ. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ. ಎಳೆಯುವುದಕ್ಕೆ, ಒಂದು ಕೈಯನ್ನು ಮಂಚದ ಮೇಲೆ ಊರಿ, ಬೆನ್ನನ್ನು ಹಲಗೆಯಂತೆ ಚಾಚಿ, ಇನ್ನೊಂದು ಕೈಯಿಂದ ಅಕ್ಕಿಯ ಚೀಲವನ್ನು ಪಕ್ಕೆಲುಬಿನವರೆಗೆ ಸೆಳೆಯುವುದು.

ನೆಲದಿಂದ ಎತ್ತುವುದನ್ನು ಮಾತ್ರ ಬಿಡಿಸಿ ಹೇಳಬೇಕು. ನಮ್ಮ ತಾಯಿಯವರನ್ನು ಎತ್ತಹೋಗಿ ನಾನು ಮಾಡಿದ ತಪ್ಪು ಇಲ್ಲಿಯೇ ಇತ್ತು. ನಾನು ಸೊಂಟವನ್ನು ಬಿಲ್ಲಿನಂತೆ ಬಾಗಿಸಿ, ತೋಳನ್ನು ದೂರಕ್ಕೆ ಚಾಚಿ ಎಳೆದಿದ್ದೆನು. ಭಾರವು ಕಾಲಿಗೆ ತಾಕುವಷ್ಟು ಹತ್ತಿರವಿರಬೇಕು. ಎರಡು ಕೈಗಳಲ್ಲಿಯೂ ಸಾಮಾನು ಹಿಡಿದವನು ಬಾಗಿಲನ್ನು ಹಿಂಭಾಗದಿಂದ ನೂಕಿ ಮುಚ್ಚುವುದನ್ನು ಕಂಡಿದ್ದೀರಷ್ಟೆ? ಅದೇ ರೀತಿ ಪೃಷ್ಠವನ್ನು ಹಿಂದಕ್ಕೆ ಸರಿಸಬೇಕು. ಮಂಡಿ ಸ್ವಲ್ಪವೇ ಮಡಿಯುತ್ತದೆ, ಬೆನ್ನು ನೆಟ್ಟಗಿರುತ್ತದೆ. ಉಸಿರನ್ನು ತುಂಬಿಕೊಂಡು, ಹೊಟ್ಟೆಯನ್ನು ಬಿಗಿಹಿಡಿದು, ನೆಲವನ್ನು ಕಾಲಿನಿಂದ ಒತ್ತಿ ಏಳಬೇಕು; ಏಳುತ್ತ ಉಸಿರು ಬಿಡಬೇಕು. ಮೊದಲ ವಾರ ಬರಿಯ ಕೋಲೊಂದನ್ನು ಬೆನ್ನಿನುದ್ದಕ್ಕೆ ಹಿಡಿದುಕೊಂಡು, ತಲೆಗೂ ಬೆನ್ನಿಗೂ ತ್ರಿಕಕ್ಕೂ ಅದು ತಾಕುತ್ತಿದೆಯೇ ಎಂದು ನೋಡಿಕೊಳ್ಳುತ್ತ ಇಷ್ಟನ್ನೇ ಅಭ್ಯಾಸ ಮಾಡಿದೆನು. ಮನೆಯಾಕೆ ಒಂದು ದಿನ ನೋಡಿ, ಕೋಲಾಟಕ್ಕೆ ಸೇರಿದಿರೋ ಎಂದು ಕೇಳಿದಳು.

ಭಾರಕ್ಕೆ ಡಂಬೆಲ್ಲುಗಳೇ ಬೇಕೆಂದಿಲ್ಲ. ಒಂದು ಲೀಟರು ನೀರು ಒಂದು ಕಿಲೋ. ಬಕೆಟ್ಟಿಗಿಂತ ನಂಬಿಕೆಯ ತಕ್ಕಡಿ ಯಾವುದು? ನಾನು ಆರು ಲೀಟರಿನಿಂದ ಆರಂಭಿಸಿದೆನು. ಎಂಟು ಸಲ ಎತ್ತುವುದು, ಒಂದೆರಡು ನಿಮಿಷ ಕೂರುವುದು, ಮತ್ತೆ ಎಂಟು. ಹನ್ನೆರಡು ಸಲ ಎತ್ತಿದರೂ ಇನ್ನೆರಡು ಉಳಿದಿದೆಯೆಂದು ತೋರಿದ ದಿನ ಒಂದು ಲೀಟರು ಸೇರಿಸುವುದು. ಕೊನೆಯ ಉಸಿರಿನವರೆಗೆ ಎತ್ತಬೇಕಾಗಿಲ್ಲ. ಎರಡು ಮೂರನ್ನು ಕೈಯಲ್ಲಿ ಉಳಿಸಿಕೊಂಡು ನಿಲ್ಲಿಸಿದರೆ ಆರಂಭಿಸಿದವನಿಗೆ ಲಾಭ ಕಡಮೆಯಾಗುವುದಿಲ್ಲ, ಪೆಟ್ಟು ಕಡಮೆಯಾಗುತ್ತದೆ. ಇಂಥ ದಿನಗಳು ವಾರಕ್ಕೆ ಎರಡು ಸಾಕು, ನಡುವೆ ಎರಡು ದಿನ ಬಿಡುವಿರಲಿ. ಎಷ್ಟು ಎತ್ತಿದೆ, ಎಷ್ಟು ಸಲ, ಎಂಬುದನ್ನು ಒಂದು ಹಳೆಯ ಪುಸ್ತಕದಲ್ಲಿ ಬರೆದಿಡುತ್ತ ಬಂದೆನು. ಉಪಾಧ್ಯಾಯನಿಗೆ ಅಂಕ ಹಾಕುವ ಚಟ ಬಿಡದಷ್ಟೆ. ಹನ್ನೆರಡನೆಯ ವಾರದ ಪುಟದಲ್ಲಿ ಹದಿನೈದು ಲೀಟರು ಎಂದಿದೆ, ಎರಡು ಕೈಗಳಿಗೂ ಒಂದೊಂದು.

ಇನ್ನು ತೀವ್ರವ್ಯಾಯಾಮದ ಮಾತು. ಸ್ವಲ್ಪ ಹೊತ್ತು ಉಸಿರು ಕಟ್ಟುವಷ್ಟು ಶ್ರಮ, ಸ್ವಲ್ಪ ಹೊತ್ತು ವಿಶ್ರಾಂತಿ, ಮತ್ತೆ ಶ್ರಮ, ಇದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ೧೯೩೦ರ ದಶಕದಲ್ಲಿ ಜರ್ಮನಿಯಲ್ಲಿ ವೋಲ್ಡೆಮಾರ್ ಗೆರ್ಷ್ಲರ್ ಎಂಬ ಶಿಕ್ಷಕನೂ ಹರ್ಬರ್ಟ್ ರೈಂಡೆಲ್ ಎಂಬ ಹೃದಯವೈದ್ಯನೂ ಕೂಡಿ ಇದನ್ನು ಅಳತೆಗೆ ಹಿಡಿದರು. ಓಟಗಾರನ ನಾಡಿಯನ್ನು ನಿಮಿಷಕ್ಕೆ ೧೮೦ರವರೆಗೆ ಏರಿಸುವುದು, ಅದು ೧೨೦ಕ್ಕೆ ಇಳಿಯುವವರೆಗೆ ಕಾಯುವುದು, ಮತ್ತೆ ಓಡಿಸುವುದು. ಹೃದಯವು ಬಲಗೊಳ್ಳುವುದು ಓಡುವಾಗ ಮಾತ್ರವಲ್ಲ, ಆ ಬಿಡುವಿನಲ್ಲಿಯೂ ಎಂಬುದು ಅವರ ಅಭಿಪ್ರಾಯವಾಗಿತ್ತು. ಗೆರ್ಷ್ಲರನ ಶಿಷ್ಯ ರುಡೋಲ್ಫ್ ಹಾರ್ಬಿಗ್ ೧೯೩೯ರಲ್ಲಿ ಮಿಲಾನ್ ನಗರದಲ್ಲಿ ೮೦೦ ಮೀಟರನ್ನು ೧ ನಿಮಿಷ ೪೬.೬ ಸೆಕೆಂಡುಗಳಲ್ಲಿ ಓಡಿದನು. ಆ ದಾಖಲೆ ೧೯೫೫ರವರೆಗೆ ನಿಂತಿತು. ಸುತ್ತಿನ ಮೇಲೆ ಸುತ್ತು ವೇಗವಾಗಿ ಓಡಿ ಅಭ್ಯಾಸ ಮಾಡಿದ ಚೆಕೊಸ್ಲೊವಾಕಿಯದ ಎಮಿಲ್ ಜಟೊಪೆಕ್ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಐದು ಸಾವಿರ, ಹತ್ತು ಸಾವಿರ ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದನು.

ಇದೇ ಕುಲದ ಪ್ರಯೋಗವೊಂದು ಈಚೆಗೆ ಬಹು ಪ್ರಸಿದ್ಧವಾಗಿದೆ. ಪ್ರಸಿದ್ಧಿಯಿಂದ ಅದಕ್ಕೆ ಅನ್ಯಾಯವೂ ಆಗಿದೆ. ಜಪಾನಿನ ಇಜುಮಿ ತಬಾಟ ಮತ್ತು ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಇಪ್ಪತ್ತು ಸೆಕೆಂಡು ಶ್ರಮ, ಹತ್ತು ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ. ಒಟ್ಟು ನಾಲ್ಕು ನಿಮಿಷವೂ ಆಗುವುದಿಲ್ಲ. ಆರು ವಾರಗಳಲ್ಲಿ ಉಸಿರಿನ ಶಕ್ತಿಯೂ ಹೆಚ್ಚಿತು, ಅಲ್ಪಕಾಲದ ಬಿರುಸಿನ ಶಕ್ತಿಯೂ ಶೇಕಡಾ ೨೮ರಷ್ಟು ಏರಿತು. ನಾಲ್ಕು ನಿಮಿಷವೆಂದೊಡನೆ ಸೋಮಾರಿಗಳಿಗೆಲ್ಲ ಹಬ್ಬವಾಯಿತು. ಆದರೆ ಅಲ್ಲಿ ಸೈಕಲ್ ಯಂತ್ರ ತುಳಿದವರು ವ್ಯಾಯಾಮವನ್ನೇ ವ್ಯಾಸಂಗ ಮಾಡಿದ್ದ ತರುಣರು. ತುಳಿದ ವೇಗವು ಎಂಟನೆಯ ಸಲಕ್ಕೆ ಕಾಲು ನಿಂತೇಹೋಗುವಂಥದು. ಆ ನಾಲ್ಕು ನಿಮಿಷವನ್ನು ನನ್ನಂಥವನು ಮೊದಲ ತಿಂಗಳಲ್ಲಿ ಎರವಲು ತರುವುದು, ಸಂಧ್ಯಾವಂದನೆ ಬಾರದವನು ಯಜ್ಞಕ್ಕೆ ಕೂತಂತೆ.

ನಾನು ಆರನೆಯ ವಾರದವರೆಗೆ ಬಿರುಸಿನ ಗೊಡವೆಗೆ ಹೋಗಲಿಲ್ಲ. ದಿನವೂ ಅರ್ಧ ಗಂಟೆ ನಡೆದೆನು. ಅನಂತರ ವಾರಕ್ಕೆ ಒಂದು ದಿನ, ಹತ್ತು ನಿಮಿಷ ನಡೆದು ಮೈ ಬಿಸಿಮಾಡಿಕೊಂಡು, ಮೆಟ್ಟಿಲನ್ನು ಮೂವತ್ತು ಸೆಕೆಂಡು ಬಿರುಸಾಗಿ ಹತ್ತುವುದು, ಒಂದೂವರೆ ನಿಮಿಷ ಮೆಲ್ಲನೆ ಇಳಿದು ನಿಲ್ಲುವುದು. ಮೊದಲು ನಾಲ್ಕು ಸಲ, ತಿಂಗಳ ಮೇಲೆ ಎಂಟು ಸಲ. ನಾಡಿ ಹಿಡಿದು ಲೆಕ್ಕಹಾಕುವ ತೊಂದರೆಯಿಲ್ಲದೆ ಶ್ರಮವನ್ನು ಅಳೆಯಲು ಮಾತೇ ಮಾನದಂಡ. ಪೂರ್ಣ ವಾಕ್ಯಗಳಲ್ಲಿ ಮಾತನಾಡಬಲ್ಲಿರಾದರೆ ಅದು ಮಧ್ಯಮ. ಮೂರು ನಾಲ್ಕು ಮಾತಿಗೆ ಉಸಿರು ತೆಗೆಯಬೇಕಾದರೆ ಅದು ತೀವ್ರ. ಎದೆ ಹಿಂಡಿದಂತಾದರೆ, ಕಣ್ಣು ಕತ್ತಲಿಟ್ಟರೆ, ಅಲ್ಲಿಗೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳಿವೆ. ಆದರೆ ಅಲ್ಲಿ ಬಿರುಸಿನ ಸ್ಪರ್ಧೆಯನ್ನು ಮೊದಲ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಹತ್ತುವಾಗ ಎದೆಗೂ, ಇಳಿಯುವಾಗ ಮಂಡಿಗೂ ಪರೀಕ್ಷೆಯಾಗುತ್ತದೆ. ಇಳಿಯುವುದರ ಲೆಕ್ಕವನ್ನು ಜನ ಮರೆಯುತ್ತಾರೆ.

ಮೂರನೆಯದು ವೈವಿಧ್ಯ. ೧೯೫೩ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್, ಆಡಮ್‌ಸನ್ ಎಂಬಿಬ್ಬರು, ಬಗೆಬಗೆಯ ವ್ಯಾಯಾಮಗಳನ್ನು ವೃತ್ತಾಕಾರವಾಗಿ ಇರಿಸಿ ಒಂದರಿಂದೊಂದಕ್ಕೆ ಸಾಗುವ ಕ್ರಮವನ್ನು ಬಳಕೆಗೆ ತಂದರು. ೨೦೦೦ದಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಕ್ರಾಸ್‌ಫಿಟ್ ಎಂಬ ಪಂಥವಂತೂ ದಿನದಿನಕ್ಕೂ ಬದಲಾವಣೆಯನ್ನೇ ಮಂತ್ರವಾಗಿ ಮಾಡಿಕೊಂಡಿತು. ಇಂದು ಅದರ ಛಾಯೆಯಿಲ್ಲದ ವ್ಯಾಯಾಮಶಾಲೆ ವಿರಳ. ಬೇಸರವನ್ನು ಓಡಿಸಲು ಇದಕ್ಕಿಂತ ಉತ್ತಮವಾದ ಉಪಾಯವಿಲ್ಲ. ಜತೆಗೂಡಿ ಮಾಡುವ ಉಲ್ಲಾಸವೂ ಸಣ್ಣದಲ್ಲ. ಆದರೆ ನನಗೆ ಒಂದು ಅಭ್ಯಂತರವಿದೆ. ಸರಳೆವರಸೆ ಜಂಟಿವರಸೆಗಳು ಗಂಟಲಿಗೆ ಹತ್ತದಿರುವ ಹುಡುಗನಿಗೆ ದಿನಕ್ಕೊಂದು ರಾಗವನ್ನು ಕಲಿಸುವ ಗುರುವನ್ನು ನಾವು ಒಪ್ಪುತ್ತೇವೆಯೆ? ಬಸ್ಕಿಯೇ ನೆಟ್ಟಗಾಗದವನು ಇಂದು ಬಾರ್ಬೆಲ್ಲನ್ನು ತಲೆಯ ಮೇಲೆ ಎಸೆದೆತ್ತಿ, ನಾಳೆ ಹಗ್ಗ ಹತ್ತಿ, ನಾಡಿದ್ದು ಕೈಯ ಮೇಲೆ ನಿಲ್ಲಹೋದರೆ, ಯಾವುದು ಬೆಳೆಯಿತೆಂದು ಅಳೆಯುವುದಾದರೂ ಹೇಗೆ? ಮೊದಲ ಮೂರು ತಿಂಗಳು ಮುಖ್ಯವಾದ ಐದನ್ನು ಸ್ಥಿರವಾಗಿಟ್ಟು, ಅಂಚನ್ನು ಮಾತ್ರ ಬದಲಾಯಿಸುವುದು ಲೇಸು. ಒಂದು ವಾರ ಮೆಟ್ಟಿಲು, ಒಂದು ವಾರ ಸೈಕಲ್ಲು. ಒಮ್ಮೆ ಎರಡು ಬಕೆಟ್ಟು, ಒಮ್ಮೆ ಒಂದೇ ಕೈಯಲ್ಲಿ ಒಂದು. ಭಾರವೆತ್ತುವುದನ್ನೂ ಗಡಿಯಾರದ ಪಂದ್ಯವನ್ನೂ ಆಗಲೇ ಬೆರೆಸಬಾರದು. ಆಯಾಸದಲ್ಲಿ ಮೊದಲು ಕೆಡುವುದು ಬೆನ್ನಿನ ನಿಲುವು. ಅದು ಕೆಟ್ಟುದು ಎತ್ತುವವನಿಗೆ ತಿಳಿಯುವುದಿಲ್ಲ.

ಸ್ತ್ರೀಯರಿಗೆ ಭಾರ ಸಲ್ಲದೆಂದು ಹೇಳುವವರು ನಮ್ಮ ಅಡುಗೆಮನೆಗಳ ಚರಿತ್ರೆಯನ್ನು ಮರೆತಿದ್ದಾರೆ. ಸೇದುವ ಬಾವಿ, ಒರಳು, ಬೀಸುವ ಕಲ್ಲು, ಒನಕೆ, ಇವುಗಳಿಗಿಂತ ಕಟುವಾದ ವ್ಯಾಯಾಮಶಾಲೆ ಯಾವುದಿತ್ತು? ಆ ಶ್ರಮವನ್ನು ಯಂತ್ರಗಳು ತೆಗೆದುಹಾಕಿದ್ದಕ್ಕೆ ಯಾರೂ ಅಳಬೇಕಾಗಿಲ್ಲ; ಅದು ಆಯ್ದುಕೊಂಡ ಶ್ರಮವಾಗಿರಲಿಲ್ಲ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗನೆ ಸಡಿಲವಾಗುತ್ತದೆ. ಭಾರ ಬಿದ್ದರೇನೇ ಮೂಳೆ ಗಟ್ಟಿಯಾಗಿರುವುದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಸೂಚನೆಗಳು ವಯಸ್ಕರಾದ ಸ್ತ್ರೀಪುರುಷರಿಬ್ಬರಿಗೂ ಒಂದೇ: ವಾರಕ್ಕೆ ೧೫೦ರಿಂದ ೩೦೦ ನಿಮಿಷ ಮಧ್ಯಮ ಶ್ರಮ, ಅಥವಾ ೭೫ರಿಂದ ೧೫೦ ನಿಮಿಷ ತೀವ್ರ ಶ್ರಮ, ಜತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲಕೊಡುವ ಸಾಧನೆ. ಅರವತ್ತೈದು ದಾಟಿದವರಿಗೆ ಇವುಗಳ ಮೇಲೆ ಸಮತೋಲದ ಅಭ್ಯಾಸವನ್ನೂ ಹೇಳಿದೆ, ಬೀಳದಿರಲೆಂದು.

ಆಹಾರದ ವಿಷಯದಲ್ಲಿ ಡಬ್ಬಿಯ ಪುಡಿಗಳಿಗೆ ಓಡುವ ಮೊದಲು ತಟ್ಟೆಯನ್ನು ನೋಡಿಕೊಳ್ಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೨೦ರ ಲೆಕ್ಕದಂತೆ ಸಾಮಾನ್ಯರಿಗೆ ದೇಹತೂಕದ ಕಿಲೋ ಒಂದಕ್ಕೆ ೦.೮೩ ಗ್ರಾಂ ಪ್ರೋಟೀನು ಬೇಕು. ಭಾರಸಾಧನೆ ಮಾಡುವವರಿಗೆ ಅದಕ್ಕಿಂತ ಹೆಚ್ಚು. ಗುಡ್ಡದಷ್ಟು ಅನ್ನ, ಅದರ ಮೇಲೆ ತೆಳುಸಾರು ಎಂಬ ನಮ್ಮ ಊಟದಿಂದ ಇದು ದೊರೆಯುವುದು ಕಷ್ಟ. ಅನ್ನವನ್ನು ಸ್ವಲ್ಪ ತಗ್ಗಿಸಿ, ಮೊಳಕೆಯ ಹುರುಳಿ, ಹೆಸರು, ಕಡಲೆ, ಮೊಸರುಗಳನ್ನು ಏರಿಸಬಹುದು. ತಿನ್ನುವವರಿಗೆ ಮೊಟ್ಟೆ ಮೀನುಗಳಿವೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ನಿದ್ರೆಯ ವಿಷಯ ನಿಮಗೇ ಗೊತ್ತಿದೆ.

ನಾಲ್ಕು ವರ್ಷಗಳಲ್ಲಿ ನನ್ನ ಆಕಾರ ಬದಲಾಗಿದೆಯೆಂದು ಹೇಳಿದರೆ ನಮ್ಮ ಬೀದಿಯವರು ನಗುತ್ತಾರೆ. ಎರಡು ಸಲ ಒಂದೊಂದು ತಿಂಗಳು ಬಿಟ್ಟೂ ಇದ್ದೆನು, ಒಮ್ಮೆ ಜ್ವರದಿಂದ, ಒಮ್ಮೆ ಕೇವಲ ಆಲಸ್ಯದಿಂದ. ಬಿಟ್ಟವನು ಬಿಟ್ಟಲ್ಲಿಂದಲೇ ಹಿಡಿಯಹೋಗಬಾರದೆಂದು ಎರಡನೆಯ ಸಲ ತಿಳಿಯಿತು. ಹಳೆಯ ಪುಸ್ತಕದಲ್ಲಿ ನಾಲ್ಕು ಪುಟ ಹಿಂದಕ್ಕೆ ಹೋಗಿ ಅಲ್ಲಿಂದ ಆರಂಭಿಸಿದೆನು. ಈಗ ಐವತ್ತು ಕಿಲೋವನ್ನು ನೆಲದಿಂದ ಎತ್ತಬಲ್ಲೆ. ನಮ್ಮ ತಾಯಿಯವರ ತೂಕಕ್ಕೆ ಇನ್ನೆರಡು ಕಿಲೋ ಉಳಿದಿದೆ.

ಅವರಿಗೀಗ ಎಪ್ಪತ್ತೊಂಬತ್ತು. ನಾನು ಕುರ್ಚಿಯಿಂದ ಎದ್ದು ಕೂರುವುದನ್ನು ಮೊದಲ ತಿಂಗಳೆಲ್ಲ ನೋಡುತ್ತಿದ್ದು, ಎರಡನೆಯ ತಿಂಗಳಲ್ಲಿ ತಮ್ಮ ಕುರ್ಚಿಯನ್ನು ಗೋಡೆಗೆ ಆನಿಸಿ ಹಾಕಿಸಿಕೊಂಡರು. ವೈದ್ಯರು ಒಪ್ಪಿದರು. ಮೊದಲು ಕುರ್ಚಿಯ ಕೈಗಳನ್ನು ಹಿಡಿದು ಮೂರು. ಈಗ ಹಿಡಿಯದೆ ಹತ್ತು. ಗಟ್ಟಿಯಾಗಿ ಎಣಿಸುತ್ತಾರೆ, ಏಳರ ಹೊತ್ತಿಗೆ ಒಂದನ್ನು ಹಾರಿಸುತ್ತಾರೆಂದು ನನ್ನ ಅನುಮಾನ. ಕಳೆದ ಗೌರಿಹಬ್ಬದ ದಿನ ಹೊಸಲಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ರಂಗೋಲಿ ಹಾಕಿ, ಒಂದು ಕೈಯನ್ನು ಮಂಡಿಗೂರಿ ಎದ್ದರು. ನಾನು ಕೈ ನೀಡಿದ್ದೆ. "ರಂಗೋಲಿ ತುಳಿಯಬೇಡ, ಸರಿ" ಎಂದರು.